ವಾರವೆಲ್ಲ ಮನೆಯಲ್ಲಿದ್ದ ಪ್ರಶ್ನೆ

ಪ್ರತಿ ಭಾನುವಾರ ಮಧ್ಯಾಹ್ನ ಭದ್ರಾವತಿಯಿಂದ ನಮ್ಮಕ್ಕ ಎಸ್ತರ್ ನನ್ನ ಫೋನಿಗೆ ಒಂದು ಪ್ರಸಂಗ ಕಳಿಸುತ್ತಾಳೆ. ಯಾವುದೋ ಊರಿನ ಬೋಧಕರೊಬ್ಬರು ಕ್ಯಾಮೆರಾದತ್ತ ಬೆರಳು ತೋರಿಸಿ ಮುಕ್ಕಾಲು ಗಂಟೆ ಮಾತಾಡಿರುತ್ತಾರೆ. ನಾನು ಶಿವಮೊಗ್ಗದ ರವೀಂದ್ರನಗರದ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು, ಪ್ರಸಂಗವನ್ನು ಬಿಟ್ಟು, ಅದರ ಕೆಳಗೆ ಜನ ಬರೆದಿದ್ದನ್ನು ಓದುತ್ತೇನೆ. ಆಮೆನ್. ಆಮೆನ್ ಅಯ್ಯನವರೇ. ಸ್ತೋತ್ರ. ಮುಗಿದ ಕೈಗಳ ಚಿತ್ರ, ಮತ್ತೆ ಮುಗಿದ ಕೈಗಳ ಚಿತ್ರ. ಅಷ್ಟು ಜನ ಒಪ್ಪಿಕೊಂಡಿದ್ದಾರೆ, ಒಬ್ಬರಿಗಾದರೂ ಒಂದು ಅನುಮಾನ ಬಂದಿಲ್ಲ. ನಾನು ಬೆಳೆದ ಮನೆಯಲ್ಲಿ ಪ್ರಸಂಗ ನಿಜವಾಗಿ ಶುರುವಾಗುತ್ತಿದ್ದದ್ದೇ ಬೋಧಕರು ಬಸ್ಸು ಹತ್ತಿದ ಮೇಲೆ. ನಾನು ತತ್ವಶಾಸ್ತ್ರ ಓದಿದೆ, ಪಾಠ ಮಾಡಿದೆ, ಬಿಟ್ಟೆ, ಪತ್ರಿಕೆ ಸೇರಿದೆ, ಅದನ್ನೂ ಬಿಟ್ಟು ಮತ್ತೆ ಪಾಠಕ್ಕೆ ಬಂದೆ. ಚರ್ಚು ಬಿಟ್ಟಿದ್ದೊಂದನ್ನು ಮಾತ್ರ ತಿದ್ದಿಕೊಳ್ಳಲಿಲ್ಲ. ಯಾವ ಮಾತನ್ನೂ ತಿರುಗಿಸಿ ನೋಡದೆ ನುಂಗಲಾರದ ಈ ಚಾಳಿ ವಿಶ್ವವಿದ್ಯಾಲಯದ್ದು ಎಂದು ಗೆಳೆಯರು ತಿಳಿದಿದ್ದಾರೆ. ಅಲ್ಲ. ಅದು ಬಂದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಒಂದು ವರಾಂಡದಿಂದ. ಇಷ್ಟನ್ನು ಧೈರ್ಯವಾಗಿ ಹೇಳುತ್ತೇನೆ. ವಿವರಗಳ ವಿಷಯದಲ್ಲಿ ಅಷ್ಟು ಧೈರ್ಯವಿಲ್ಲ. ಮೊದಲು ದೇವರ ಬಗ್ಗೆ ಮಾತ್ರ ಇದ್ದ ಅನುಮಾನ ಈಚೆಗೆ ನನ್ನ ನೆನಪಿನ ಮೇಲೂ ಹಬ್ಬಿದೆ. ಆ ವರಾಂಡದ ಗೋಡೆ ಹಸಿರು ಎಂದು ನಾನು ಆಣೆ ಮಾಡಬಲ್ಲೆ. ಬರೀ ಸುಣ್ಣ ಎಂದು ಅಕ್ಕ ಆಣೆ ಮಾಡುತ್ತಾಳೆ.

ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ವರಾಂಡ. ಅಷ್ಟೇ ಮನೆ. ಅಪ್ಪ ದೇವದಾನಪ್ಪ ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತುವವನು. ಅವನು ಕೆತ್ತಿದ ಮರದ ಗಾಲಿಯನ್ನೋ ಹಲ್ಲುಚಕ್ರವನ್ನೋ ಮರಳಿನಲ್ಲಿ ಒತ್ತಿ, ಆ ಗುಳಿಯೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಿದ್ದರು. ಭಾನುವಾರ ಅವನು ಸಭೆಯ ಹಿರಿಯ. ನಮ್ಮ ಪುಟ್ಟ ದೇವಾಲಯಕ್ಕೆ ಕಾಯಂ ಬೋಧಕರಿರಲಿಲ್ಲ. ಅಯ್ಯನವರು ಶಿವಮೊಗ್ಗದಿಂದ ಬಂದು ಪ್ರಸಂಗ ಮಾಡಿ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಹೋಗುತ್ತಿದ್ದರು. ಕೇಳಿದವರು ತಲೆಯೊಳಗೆ ಎದ್ದ ಗೊಂದಲವನ್ನು ಹೊತ್ತು ನೇರ ನಮ್ಮ ವರಾಂಡಕ್ಕೆ ಬರುತ್ತಿದ್ದರು. ಅಮ್ಮ ಚಿತ್ರಾನ್ನ, ಟೀ ಕೊಡುತ್ತಿದ್ದಳು. ತಿಂದಾದ ಮೇಲೆ ಒಂದು ಪ್ರಶ್ನೆ. ಒಂದೇ. ಅಪ್ಪ ಅದಕ್ಕೆ ಅಂದೇ ಉತ್ತರ ಹೇಳುತ್ತಿರಲಿಲ್ಲ. "ಒಳ್ಳೇ ಪ್ರಶ್ನೆ. ಮುಂದಿನ ಭಾನುವಾರ" ಎನ್ನುತ್ತಿದ್ದ. ಹಸಿ ಮರದಲ್ಲಿ ಅಚ್ಚು ಕೆತ್ತಿದರೆ ಮರಳಿಗೆ ಹೋಗುವಷ್ಟರಲ್ಲಿ ಸೊಟ್ಟಗಾಗುತ್ತದೆ, ಉತ್ತರವೂ ಹಾಗೇ, ಒಣಗಬೇಕು ಎನ್ನುವುದು ಅವನ ಲೆಕ್ಕ. ಹೀಗಾಗಿ ಪ್ರತಿ ಪ್ರಶ್ನೆಯೂ ಒಂದು ವಾರ ನಮ್ಮ ಮನೆಯಲ್ಲಿ ನೆಂಟನ ಹಾಗೆ ಇರುತ್ತಿತ್ತು. ಮುಖ ತೊಳೆಯುವಾಗ ಅಪ್ಪ ಅದನ್ನು ಗೊಣಗುತ್ತಿದ್ದ. ಅಮ್ಮ ಒಗ್ಗರಣೆ ಹಾಕುತ್ತಾ ಒಳಗಿನಿಂದಲೇ ಒಂದು ಮಾತು ಎಸೆಯುತ್ತಿದ್ದಳು. ಊಟದ ಹೊತ್ತಿಗೆ ನಾನೂ ಅಕ್ಕನೂ ಪಕ್ಷ ಕಟ್ಟಿಕೊಂಡು ಜಗಳಾಡುತ್ತಿದ್ದೆವು. ಆ ಮನೆಯಲ್ಲಿ ನಮ್ಮ ಬಾಯಿ ಮುಚ್ಚಿಸಿದ್ದು ನನಗೆ ನೆನಪಿಲ್ಲ.

ಬರುವವರಲ್ಲಿ ಇಬ್ಬರು ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಒಬ್ಬ ರತ್ನಂ, ತೆಲುಗಿನವನು, ಕಾರ್ಖಾನೆಯ ಫಿಟ್ಟರ್. ರಾತ್ರಿ ಪಾಳಿ ಮುಗಿಸಿ ನೇರ ಆರಾಧನೆಗೆ ಬಂದು ಪ್ರಸಂಗದ ತುಂಬ ನಿದ್ದೆ ಮಾಡಿ, ವರಾಂಡದಲ್ಲಿ ಎಲ್ಲರಿಗಿಂತ ಎಚ್ಚರವಾಗಿ ಕೂರುವವನು. ಲೋಕದ ಮೊದಲ ಮನುಷ್ಯನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು, ಯೋನನನ್ನು ನುಂಗಿದ ಮೀನು ಆ ಮೂರು ದಿನ ಬೇರೇನು ತಿಂತು, ಇಂಥವು ಅವನವು. ಇನ್ನೊಬ್ಬಳು ಮುನಿಯಮ್ಮ, ನಮ್ಮ ಲೈನಿನ ಕೊನೆಯ ಮನೆಯ ತಮಿಳು ಹೆಂಗಸು. ಪ್ರಸಂಗದ ನಡುವೆ ಬೋಧಕರು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ "ಸ್ತೋತ್ರಂ" ಎನ್ನುವವಳು. ಅಯ್ಯನವರು ನೀರು ಕುಡಿಯಲು ನಿಲ್ಲಿಸಿದಾಗಲೂ ಅವಳು ಸ್ತೋತ್ರಂ ಹೇಳಿದ್ದಿದೆ. ಅವಳ ಪ್ರಶ್ನೆಗಳು ಬೇರೆ ಥರ.

"ಹಿರಿಯರೇ, ಮಾರ್ಥ ಪಾಪ ಅಡುಗೆ ಮಾಡ್ತಾ ಸಾಯ್ತಾ ಇದ್ಲು. ಮರಿಯ ಯೇಸು ಕಾಲ ಹತ್ರ ಕೂತು ಮಾತು ಕೇಳಿದ್ಲು, ಅವಳಿಗೇ ಒಳ್ಳೇ ಹೆಸ್ರು. ಆಮೇಲೆ ಆ ಅಡುಗೇನ ಯಾರ್ ತಿಂದ್ರು?"

"ಮುನಿಯಮ್ಮ, ಮುಂದಿನ ಭಾನುವಾರ."

"ಆಗ್ಲಿ. ನೀವೂ ಒಂದ್ ದಿನ ಅಡುಗೆ ಮಾಡಿ ನೋಡಿ, ಉತ್ತರ ಬೇಗ ಸಿಗತ್ತೆ."

ಅಮ್ಮ ಮಾತ್ರ ವರಾಂಡದಲ್ಲಿ ಏನನ್ನೂ ಕೇಳುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಟೀ ಲೋಟ ಖಾಲಿಯಾಗುವುದನ್ನು ನೋಡುತ್ತಾ ನಿಂತಿರುತ್ತಿದ್ದಳು. ಅವಳ ತವರು ಶಿವಮೊಗ್ಗದ ಕೋಟೆಯಲ್ಲಿ. ಲಿಂಗ ಕಟ್ಟಿದ ಮನೆತನ, ಪಾತ್ರೆ ಅಂಗಡಿ. ಅಪ್ಪನನ್ನು ಮೆಚ್ಚಿ ಮದುವೆಯಾಗಿ, ದೀಕ್ಷಾಸ್ನಾನ ಮಾಡಿಸಿಕೊಂಡು, ಸರೋಜ ಎನ್ನುವ ಹೆಸರನ್ನು ಬದಲಿಸಲು ಒಪ್ಪದೆ ಬಂದವಳು. ನಮಗೆ ಭಾನುವಾರ ಮಟನ್ ಸಾರು ಮಾಡುತ್ತಿದ್ದಳು, ಉಪ್ಪು ನೋಡಲು ಅಕ್ಕನನ್ನು ಕರೆಯುತ್ತಿದ್ದಳು, ತಾನು ತಿನ್ನುತ್ತಿರಲಿಲ್ಲ. ಅವಳಿಗೆಂದು ಒಂದು ಸಣ್ಣ ಪಾತ್ರೆಯಲ್ಲಿ ಬೇಳೆ ಸಾರು ಬೇರೆ ಇರುತ್ತಿತ್ತು. ಕೋಟೆಯ ತಾತ, ಅಮ್ಮನ ಅಪ್ಪ, ಮೊದಮೊದಲು ನಮ್ಮ ಕಡೆ ತಲೆ ಹಾಕಲಿಲ್ಲವಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಬರತೊಡಗಿದ್ದರು. ವರಾಂಡದ ಕುರ್ಚಿಯಲ್ಲಿ ಕೂತು, ತಾವೇ ತಂದ ಬಾಳೆಹಣ್ಣನ್ನು ಸುಲಿದು ನಮಗೆ ಕೊಟ್ಟು ತಾವೂ ಒಂದು ತಿಂದು, ಅಮ್ಮ ಕೊಟ್ಟ ನೀರು ಕುಡಿದು ಹೊರಡುತ್ತಿದ್ದರು. ಅಪ್ಪನ ಜೊತೆ ಮರದ ಬಗ್ಗೆ ಮಾತು, ತಾಮ್ರದ ಬೆಲೆಯ ಬಗ್ಗೆ ಮಾತು. ದೇವರ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಆಮೇಲೆ ಒಂದು ದಿನ ಅವರು ಹೋದರೆಂದು ಕೋಟೆಯಿಂದ ಆಳು ಬಂದ. ಅಮ್ಮ ಒಬ್ಬಳೇ ಹೋಗಿ ಮಣ್ಣು ಮುಗಿಸಿಕೊಂಡು ಬಂದಳು. ಬಂದವಳು ಅಳಲಿಲ್ಲ. ಎಂದಿನಂತೆ ಅಡುಗೆ ಮಾಡಿದಳು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ, ಅಯ್ಯನವರು ನೋಹನ ನಾವೆಯ ಮೇಲೆ ಪ್ರಸಂಗ ಮಾಡಿದರು. ಒಳ್ಳೆಯ ಕಂಠ ಅವರದು. ಲೋಕವನ್ನೆಲ್ಲ ಮುಳುಗಿಸುವ ಮಳೆ ಶುರುವಾದದ್ದು, ನೋಹನ ಮನೆಯವರಷ್ಟೇ ಒಳಗೆ ಸೇರಿದ ಮೇಲೆ ನಾವೆಯ ಬಾಗಿಲನ್ನು ದೇವರೇ ಮುಚ್ಚಿದ್ದು, ಹೊರಗಿದ್ದವರು ಬಾಗಿಲು ಬಡಿದದ್ದು. ಬಡಿದದ್ದು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇಲ್ಲ, ಅಯ್ಯನವರು ಸೇರಿಸಿದ್ದು, ಈಗ ಗೊತ್ತಾಗಿದೆ. ಅವರು ಪ್ರಸಂಗಪೀಠದ ಮರವನ್ನು ಮುಷ್ಟಿಯಿಂದ ಗುದ್ದಿದಾಗ ರತ್ನಂ ಎಚ್ಚೆತ್ತು ಕೂತ. ಮುನಿಯಮ್ಮ ಸ್ತೋತ್ರಂ ಹೇಳಲು ಬಾಯಿ ತೆರೆದು, ಯಾಕೋ ಹೇಳಲಿಲ್ಲ. ಒಳಗಿರುವವರು ಒಳಗೆ, ಹೊರಗಿರುವವರು ಹೊರಗೆ, ಮಧ್ಯದಲ್ಲಿ ನಿಲ್ಲುವ ಜಾಗವಿಲ್ಲ ಎಂದು ಅಯ್ಯನವರು ಮುಗಿಸಿದರು. ಮಧ್ಯಾಹ್ನ ವರಾಂಡ ತುಂಬಿತ್ತು. ರತ್ನಂ ನಾವೆಗೆ ಹತ್ತಿಸಿದ ಪ್ರಾಣಿಗಳ ಸಗಣಿ ಎತ್ತಿ ಹಾಕುವವರು ಯಾರು ಎಂದು ಕೇಳಲು ತಯಾರಾಗಿದ್ದ. ಅವನಿಗಿಂತ ಮೊದಲು ಬಾಗಿಲ ಹತ್ತಿರದಿಂದ ಅಮ್ಮನ ಧ್ವನಿ ಬಂತು.

"ನಂದೊಂದು ಪ್ರಶ್ನೆ ಇದೆ. ನೋಹನ ಹೆಂಡ್ತಿಗೂ ಒಬ್ಬ ಅಪ್ಪ ಇದ್ದಿರ್ಬೇಕಲ್ಲ. ಬಾಗಿಲು ಮುಚ್ಚಿದಾಗ ಅವನು ಎಲ್ಲಿದ್ದ?"

ರತ್ನಂ ಗಟ್ಟಿಯಾಗಿ ನಕ್ಕ. ಅವನ ಧಾಟಿಯ ಪ್ರಶ್ನೆಯೇ ಅದು. ಇನ್ನೂ ಒಂದಿಬ್ಬರು ನಕ್ಕರು. ಆಮೇಲೆ ಮುನಿಯಮ್ಮ ರತ್ನಂನ ತೊಡೆಗೆ ಒಂದು ಕೊಟ್ಟಳು, ನಗು ನಿಂತಿತು. ಎಲ್ಲರಿಗೂ ಅರ್ಥವಾಗಿತ್ತು. ಅಪ್ಪನಿಗೂ ಅರ್ಥವಾಗಿತ್ತು, ಅವನ ಮುಖದಲ್ಲಿ ಕಂಡಿತು. ಆದರೆ ಅಷ್ಟು ವರ್ಷ ಅದೇ ಕುರ್ಚಿಯಲ್ಲಿ ಕೂತು ಅದೇ ಮಾತು ಹೇಳಿದ ಬಾಯಿ ಅದು. ಅರ್ಥವಾಗುವುದಕ್ಕೂ ಬಾಯಿಗೂ ನಡುವೆ ಏನೋ ತಪ್ಪಿತು.

"ಒಳ್ಳೇ ಪ್ರಶ್ನೆ," ಎಂದ ಅಪ್ಪ. "ಮುಂದಿನ ಭಾನುವಾರ."

ಅಮ್ಮ ಲೋಟಗಳನ್ನು ಜೋಡಿಸಿಕೊಂಡು ಒಳಗೆ ಹೋದಳು. ಅವಳು ಹೆಂಡತಿಯಾಗಿ ಕೇಳಿದ್ದಕ್ಕೆ ಅವನು ಸಭೆಯ ಹಿರಿಯನಾಗಿ ಉತ್ತರಿಸಿದ್ದ. ಸರಿ, ಹಾಗಾದರೆ ವಾರವೆಲ್ಲ ಹಿರಿಯನಾಗಿಯೇ ಇರಲಿ ಎಂದು ಅವಳು ತೀರ್ಮಾನಿಸಿದಳು. ಅದು ನಮಗೆ ಗೊತ್ತಾದದ್ದು ಸಂಜೆ, ಅಪ್ಪ ಕೈ ತೊಳೆದು ತಟ್ಟೆಯ ಮುಂದೆ ಕೂತಾಗ.

"ಬಡಿಸ್ಲಾ ಹಿರಿಯರೇ?"

"ಏನು?"

"ಸಾರು ಹಾಕ್ಲಾ ಅಂದೆ. ನೀವು ಸಾಕು ಅಂದ್ರೆ ಸಾಕು ಹಿರಿಯರೇ."

ಅಕ್ಕ ಕಿಸಕ್ಕೆಂದಳು. ಅಪ್ಪನೂ ನಕ್ಕ. ಮರುದಿನವೂ ಹಾಗೇ ನಡೆದಾಗ ನಗಲಿಲ್ಲ. ಅಮ್ಮ ಅವನ ಶರ್ಟು ಒಗೆದು, ಮಡಿಸಿ, ಅತಿಥಿಗೆ ಕೊಡುವ ಹಾಗೆ ಎರಡು ಕೈಯಲ್ಲಿ ಕೊಟ್ಟಳು. ಚಿತ್ರಾನ್ನ ಚೆನ್ನಾಗಿದೆ ಎಂದದ್ದಕ್ಕೆ "ದೊಡ್ಡ ಉಪಕಾರ" ಎಂದಳು. ನಾವಿಬ್ಬರೂ ಮನೆಯೊಳಗೆ ಪಿಸುಗುಟ್ಟಿ ಮಾತಾಡತೊಡಗಿದೆವು. ಯಾವಾಗಲೂ ಊಟಕ್ಕೆ ಬಂದು ಕೂರುತ್ತಿದ್ದ ಪ್ರಶ್ನೆ ಈ ವಾರ ಯಾರ ಬಾಯಿಗೂ ಬರಲಿಲ್ಲ. ಎಲ್ಲರ ತಲೆಯಲ್ಲೂ ಅದೊಂದೇ ಇತ್ತು. ನನಗೆ ಆಗ ಮೊದಲ ಸಲ ಹೊಳೆದದ್ದು, ಪ್ರಶ್ನೆ ಎನ್ನುವುದು ಬುದ್ಧಿಯ ಕಸರತ್ತಲ್ಲ, ಅದರ ತುದಿಯಲ್ಲಿ ಒಬ್ಬರ ಪ್ರಾಣ ಕಟ್ಟಿರುತ್ತದೆ ಎಂದು. ಅಥವಾ ಇದು ಆಮೇಲೆ ಕ್ಲಾಸಿನಲ್ಲಿ ಹೇಳಿ ಹೇಳಿ ನಾನು ಆ ವಾರಕ್ಕೆ ಅಂಟಿಸಿದ ಮಾತೂ ಇರಬಹುದು. ಭಯವಾಗಿದ್ದು ಮಾತ್ರ ನಿಜ. ಯಾಕೆಂದರೆ ಮುಂದಿನ ಭಾನುವಾರ ತಿಂಗಳ ಮೊದಲ ಭಾನುವಾರ, ಕರ್ತನ ಭೋಜನ. ಎಲ್ಲರೂ ಎದ್ದು ಮುಂದೆ ಹೋಗಿ, ರೊಟ್ಟಿಯ ಚೂರು ತಿಂದು, ದ್ರಾಕ್ಷಾರಸದ ಗುಟುಕು ಕುಡಿದು ಬರುವ ದಿನ. ತಟ್ಟೆ ಹಿಡಿದು ನಿಲ್ಲುವವನು ಅಪ್ಪ. ಬುಧವಾರವೋ ಗುರುವಾರವೋ ಅಮ್ಮ ಅಕ್ಕಿ ಆರಿಸುತ್ತಾ, ತಲೆ ಎತ್ತದೆ, ತಾನು ಈ ಸಲ ಏಳುವುದಿಲ್ಲ ಎಂದಳು.

"ಸರೋಜ, ಸಾಕು ಮಾಡು ಮಾರಾಯ್ತಿ ಈ ನಾಟಕ. ಇಲ್ಲೇ ಕೂತು ಮಾತಾಡೋಣ."

"ನಾಟಕ ಶುರು ಮಾಡಿದ್ದು ನಾನಾ? ಪ್ರಶ್ನೆ ಕೇಳಿದ್ದು ವರಾಂಡದಲ್ಲಿ. ಉತ್ತರಾನೂ ಅಲ್ಲೇ ಬರ್ಲಿ."

"ಊರೆಲ್ಲ ನೋಡತ್ತೆ. ಹಿರಿಯನ ಹೆಂಡ್ತಿನೇ ಭೋಜನಕ್ಕೆ ಏಳ್ಲಿಲ್ಲ ಅಂದ್ರೆ ನಾನು ತಟ್ಟೆ ಹೆಂಗೆ ಹಿಡೀಲಿ?"

"ನಮ್ಮಪ್ಪ ಹೊರಗೆ ನಿಂತು ಬಾಗಿಲು ಬಡೀತಿದ್ರೆ ನಾನು ಒಳಗೆ ಕೂತು ಹೆಂಗೆ ತಿನ್ಲಿ?"

ಅಪ್ಪ ಎದ್ದು ಹೋದ. ಅವನು ಸುಮ್ಮನೆ ಕೂರುವವನಲ್ಲ. ಪಾಳಿ ಮುಗಿದ ಮೇಲೆ ಸತ್ಯವೇದ ತೆರೆದು ಉತ್ತರ ಹುಡುಕುತ್ತಲೇ ಇದ್ದ. ರತ್ನಂ ಒಂದು ಸಂಜೆ ಸಹಾಯ ಮಾಡಲೆಂದೇ ಮನೆಗೆ ಬಂದ.

"ಅಣ್ಣಾ, ಮಳೆ ಬಂದಾಗ ನೋಹಂಗೆ ಆರುನೂರು ವರ್ಷ. ಅವ್ನ ಮಾವ ಅಷ್ಟೊತ್ತಿಗೆ ಬದುಕಿರ್ತಾನಾ? ಮುಂಚೇನೇ ನೆಮ್ಮದಿಯಾಗಿ ಹೋಗಿರ್ತಾನೆ ಅಂದ್ಬಿಡಿ. ಕತೆ ಮುಗೀತು."

ಒಳಗಿನಿಂದ ಅಮ್ಮ ಹೇಳಿದಳು: "ಅವ್ನಿಗೆ ಮೂರು ಜನ ಸೊಸೆಯಂದ್ರೂ ಇದ್ರು ರತ್ನಂ. ಅವ್ರ ಅಪ್ಪಂದಿರು?"

ರತ್ನಂ ಚಪ್ಪಲಿ ಹುಡುಕಿಕೊಂಡು ಹೋದ. ಶನಿವಾರ ಅಪ್ಪ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಅಯ್ಯನವರನ್ನೇ ಕಂಡ. ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಪ್ಪನಿಗೆ ಅಷ್ಟರಲ್ಲಿ ಸತ್ಯವೇದದ ಒಂದು ವಚನ ಸಿಕ್ಕಿತ್ತು. ಯೇಸುವಿನ ಶಿಷ್ಯ ಪೇತ್ರ ಸಭೆಗಳಿಗೆ ಬರೆದ ಪತ್ರಿಕೆಯಲ್ಲಿ, ಯೇಸು ಸತ್ತ ಮೇಲೆ ಸೆರೆಯಲ್ಲಿದ್ದ ಆತ್ಮಗಳ ಹತ್ತಿರ ಹೋಗಿ ಸಾರಿದ ಎಂದಿದೆ. ಯಾವ ಆತ್ಮಗಳು? ನೋಹನ ಕಾಲದಲ್ಲಿ ಮಾತು ಕೇಳದೆ ಹೊರಗುಳಿದವೇ. ಅಪ್ಪ ಅದನ್ನು ಬೆರಳಿಟ್ಟು ತೋರಿಸಿದ. ಅಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ದೇವದಾನಪ್ಪ, ಆ ವಚನ ಮುಟ್ಟಬೇಡಿ. ದೊಡ್ಡ ದೊಡ್ಡೋರೇ ಅದರ ಬಗ್ಗೆ ಒಂದು ಮಾತಿಗೆ ಬಂದಿಲ್ಲ. ಸಭೇಲಿ ಹೇಳಿದ್ರೆ ನಾಳೆ ಒಬ್ಬೊಬ್ರೂ ಸತ್ತ ಮೇಲೆ ನೋಡ್ಕೊಳ್ಳೋಣ ಅಂತಾರೆ."

"ಮನೇಲಿ ಒಬ್ಬಳು ಕೇಳಿದ್ದಾಳೆ ಅಯ್ಯನವರೇ."

"ಹೆಂಗಸರಿಗೆ ಸಮಾಧಾನ ಹೇಳ್ಬೇಕು. ಉತ್ತರ ಕೊಡೋಕೆ ಹೋಗ್ಬಾರ್ದು."

ಭದ್ರಾವತಿಯಲ್ಲಿ ಬಸ್ಸು ಇಳಿದ ಮೇಲೆ ಅಪ್ಪ "ಸಮಾಧಾನ ಅಂದ್ರೆ ಅವ್ಳು ಸೌಟಲ್ಲಿ ಹೊಡೀತಾಳೆ" ಎಂದ, ನನಗಲ್ಲ, ತನಗೇ.

ಭಾನುವಾರ ಅಮ್ಮ ಹೇಳಿದಂತೆಯೇ ಮಾಡಿದಳು. ನಮ್ಮ ಸಾಲಿನವರೆಲ್ಲ ಎದ್ದು ಮುಂದೆ ಹೋದರು. ಅಮ್ಮ ಸೆರಗು ಹೊದ್ದು ಕೂತೇ ಇದ್ದಳು. ನಾವು ಮಕ್ಕಳು ಹೇಗೂ ಏಳುವಂತಿರಲಿಲ್ಲ, ಅವಳ ಎರಡೂ ಕಡೆ ಕೂತೆವು. ಅಪ್ಪ ತಟ್ಟೆ ಹಿಡಿದು ನಿಂತಲ್ಲಿಂದ ಒಂದು ಸಲ ನೋಡಿದ. ಹಿಂದಿನ ಸಾಲಿನಲ್ಲಿ ಯಾರೋ ಗುಸುಗುಸು ಎಂದರು. ಮಧ್ಯಾಹ್ನ ವರಾಂಡದಲ್ಲಿ ಕೂರಲು ಜಾಗವಿರಲಿಲ್ಲ, ಮೆಟ್ಟಿಲ ಮೇಲೂ ಜನ. ಚಿತ್ರಾನ್ನ ತಿಂದಾಯಿತು. ಅಪ್ಪ ವಚನ ಓದಿದ. ಅಯ್ಯನವರು ಬೇಡವೆಂದದ್ದನ್ನೂ ಮುಚ್ಚಿಡದೆ ಹೇಳಿದ. ಬಾಗಿಲು ಮುಚ್ಚಿದ ಮೇಲೆ ಹೊರಗುಳಿದವರನ್ನು ದೇವರು ಮರೆತುಬಿಡಲಿಲ್ಲ, ಅವರಿದ್ದಲ್ಲಿಗೇ ಹೋಗಿ ಹೇಳಿದ, ತನಗೆ ಸಿಕ್ಕ ಉತ್ತರ ಇದು ಎಂದ. ಮುನಿಯಮ್ಮ ಕಣ್ಣೊರೆಸಿಕೊಂಡು ಸ್ತೋತ್ರಂ ಎಂದಳು, ಸರಿಯಾದ ಜಾಗದಲ್ಲಿ. ಅಮ್ಮ ಬಾಗಿಲು ಬಿಟ್ಟು ಒಂದು ಹೆಜ್ಜೆ ಹೊರಗೆ ಬಂದಳು.

"ಹೋಗಿ ಹೇಳಿದ. ಆಯ್ತು. ಅವ್ರು ಕಿವಿಗೆ ಹಾಕ್ಕೊಂಡ್ರಾ?"

ಇಲ್ಲಿಂದ ಮುಂದಿನದರಲ್ಲಿ ನನಗೂ ಅಕ್ಕನಿಗೂ ಜಗಳ. ನನ್ನ ನೆನಪಿನಲ್ಲಿ ಅಪ್ಪ ಪುಸ್ತಕ ಮುಚ್ಚಿ, ಅಷ್ಟು ಜನರೆದುರು ಅವಳನ್ನು ಹೆಸರು ಹಿಡಿದು ಕರೆದು, "ಗೊತ್ತಿಲ್ಲ ಸರೋಜ" ಎನ್ನುತ್ತಾನೆ. ಆ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಸೈರನ್ ಕೂಗುತ್ತದೆ. ಈ ಕತೆಯನ್ನು ನಾನು ಎಷ್ಟೋ ಬ್ಯಾಚಿನ ಹುಡುಗರಿಗೆ ಹೇಳಿದ್ದೇನೆ. ಕಾರ್ಖಾನೆಯ ಅಚ್ಚು ಕೆತ್ತುವ ಮನುಷ್ಯನೊಬ್ಬ ತನ್ನ ಸಭೆಯ ಮುಂದೆ ಗೊತ್ತಿಲ್ಲ ಎನ್ನುವ ಧೈರ್ಯ ತೋರಿದ, ಅಲ್ಲಿಂದ ನನ್ನ ತತ್ವಶಾಸ್ತ್ರ ಶುರು ಎಂದು. ಹೋದ ತಿಂಗಳು ಭದ್ರಾವತಿಗೆ ಹೋಗಿದ್ದಾಗ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತು ಇದನ್ನೇ ಹೇಳಿದೆ. ಅವಳು ಹಪ್ಪಳ ಮುರಿಯುತ್ತಾ ನನ್ನನ್ನು ನೋಡಿದಳು.

"ಭಾನುವಾರ ಆ ಹೊತ್ತಲ್ಲಿ ಯಾವ ಸೈರನ್ ಮಾರಾಯ? ಮತ್ತೆ ಅಪ್ಪ ಹಂಗೆ ಅಂದೇ ಇಲ್ಲ. 'ಕಿವಿಗೆ ಹಾಕ್ಕೊಂಡಿರ್ತಾರೆ' ಅಂದ."

"ಅಪ್ಪ? ವಚನದಲ್ಲಿ ಇಲ್ದೇ ಇರೋದನ್ನ?"

"ಹೂಂ. ಹೆಂಡ್ತಿ ಮುಖ ನೋಡಿ ಅಂದ. ಅಮ್ಮನೇ ಬಿಡ್ಲಿಲ್ಲ. 'ಹಂಗಂತ ಬರ್ದಿದೆಯಾ?' ಅಂದ್ಲು. ಅಪ್ಪ ಮತ್ತೆ ಪುಟ ನೋಡಿದ. 'ಬರ್ದಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ನಂಗೆ ಅಷ್ಟು ಸಾಕು' ಅಂದ್ಲು. ಆಮೇಲೆ ಅಪ್ಪ ಗೊತ್ತಿಲ್ಲ ಅಂದಿದ್ದು."

"ನೀನು ಅಮ್ಮನ ಪಕ್ಷ ಮೊದಲಿಂದ್ಲೂ."

"ನೀನು ಪುಸ್ತಕ ಹಿಡ್ಕೊಂಡು ಕೂತೋರ ಪಕ್ಷ. ಕುರ್ಚೀಲಿ ಕೂತೋರು ಹೇಳಿದ್ದಷ್ಟೇ ನಿಂಗೆ ಕೇಳ್ಸಿದ್ದು."

ವಾಪಸ್ಸು ಬರುವ ಬಸ್ಸಿನಲ್ಲಿ ಎರಡೂ ಕತೆಗಳನ್ನು ಎದುರುಬದುರು ಕೂರಿಸಿ ನೋಡಿದೆ. ಸಾಕ್ಷಿ ಹೇಳಲು ಅಪ್ಪ ಇಲ್ಲ, ಅಮ್ಮ ಇಲ್ಲ. ರತ್ನಂ ಊರಿಗೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ತೀರ್ಪು ಕಷ್ಟವಾಗಲಿಲ್ಲ. ಅಕ್ಕನದೇ ಸರಿ. ಅಪ್ಪ ಮೃದು ಮನುಷ್ಯ. ಹೆಂಡತಿಯ ದುಃಖಕ್ಕಾಗಿ ವಚನದಲ್ಲಿ ಇಲ್ಲದ ಒಂದು ಪದವನ್ನು ಸೇರಿಸಬಲ್ಲವನು. ಅಮ್ಮ ಹಾಗೆ ಸೇರಿಸಿದ್ದನ್ನು ತೆಗೆದುಕೊಳ್ಳುವವಳಲ್ಲ, ಅದು ತನ್ನ ಅಪ್ಪನನ್ನೇ ಒಳಗೆ ಕರೆದುಕೊಂಡು ಬರುವ ಪದವಾದರೂ. ನಾನು ಇಷ್ಟು ವರ್ಷ ಅಪ್ಪನ ಆಸ್ತಿ ಎಂದು ತಿಳಿದು ಉಂಡದ್ದು ಅಮ್ಮನದು. ಹುಡುಗರಿಗೆ ಇನ್ನು ಮೇಲೆ ಹೀಗೇ ಹೇಳುತ್ತೇನೆ.

ಆಮೇಲೆ ನಡೆದದ್ದರಲ್ಲಿ ಜಗಳವಿಲ್ಲ. ಅಪ್ಪ ಗೊತ್ತಿಲ್ಲ ಎಂದ. ಅಮ್ಮ "ಅಷ್ಟು ಅನ್ನೋಕೆ ಒಂದು ವಾರ ಬೇಕಾಯ್ತಾ ನಿಮಗೆ?" ಎಂದಳು. ಹಿರಿಯರೇ ಎನ್ನಲಿಲ್ಲ. ರತ್ನಂ ಈ ಸಲವೂ ಮೊದಲು ನಕ್ಕ. ಮುನಿಯಮ್ಮ ಅವನಿಗೆ ಹೊಡೆಯಲಿಲ್ಲ. ಆ ಸಂಜೆ ಅಮ್ಮ ಅತ್ತಳು, ಅಡುಗೆಮನೆಯ ನೆಲದ ಮೇಲೆ ಕೂತು, ಕಾಲು ಚಾಚಿಕೊಂಡು, ಜೋರಾಗಿ. ಅಪ್ಪ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚಿದ. ದಪ್ಪ ದಪ್ಪ ಹೆಚ್ಚಿದ. ಅಕ್ಕ ಆ ತಿಂಗಳಲ್ಲೇ ಯಾವಾಗಲೋ ಅವಳನ್ನು ಕೇಳಿದಳಂತೆ, ತಾತ ಎಲ್ಲಿದ್ದಾರೆಂದು ಇನ್ನೂ ಗೊತ್ತಾಗಲಿಲ್ಲವಲ್ಲ, ಮುಂದಿನ ಭೋಜನಕ್ಕೆ ಏಳುತ್ತೀಯಾ ಎಂದು.

"ಏಳ್ತೀನಿ," ಎಂದಳಂತೆ ಅಮ್ಮ. "ಗೊತ್ತಿಲ್ಲ ಅನ್ನೋರ ಜೊತೆ ಕೂತು ತಿನ್ಬೋದು. ಎಲ್ಲಾ ಗೊತ್ತಿರೋರ ಜೊತೆ ಕಷ್ಟ."

ಮುಂದಿನ ತಿಂಗಳ ಮೊದಲ ಭಾನುವಾರ ನಮ್ಮ ಸಾಲು ಎದ್ದಾಗ ಅಮ್ಮನೂ ಎದ್ದಳು. ಎಲ್ಲರಿಗಿಂತ ಕೊನೆಗೆ ಹೋದಳು. ಅಪ್ಪನ ಮುಂದೆ ನಿಂತು ತಕ್ಷಣ ಕೈ ಚಾಚಲಿಲ್ಲ. ಸಭೆಯೆಲ್ಲ ನೋಡುತ್ತಿತ್ತು. ಅಯ್ಯನವರು ಗಂಟಲು ಸರಿಮಾಡಿಕೊಂಡರು. ಅಪ್ಪ ಅವಸರ ಮಾಡಲಿಲ್ಲ, ತಟ್ಟೆಯನ್ನು ಸ್ವಲ್ಪ ತಗ್ಗಿಸಿ ಹಿಡಿದು ಕಾದ. ಅವಳು ಒಂದು ಚೂರು ಆರಿಸಿ ತೆಗೆದು, ಅಲ್ಲೇ ನಿಂತು ಚೆನ್ನಾಗಿ ಅಗಿದು ನುಂಗಿ, ಬಂದು ನಮ್ಮಿಬ್ಬರ ನಡುವೆ ಕೂತಳು. ಇದನ್ನು ನಾನೂ ಅಕ್ಕನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನೆನಪಿಟ್ಟುಕೊಂಡಿದ್ದೇವೆ.